ಆಪರೇಷನ್ ಟೇಬಲ್ ಮೇಲೆ ಹೃದಯ ನಿಂತರೆ: ಇಷ್ಟು ಅಪರೂಪದ್ದನ್ನು ಕಲಿಯುವುದು ಹೇಗೆ?

ಹಸಿರುಗೌನು (ಚರ್ಚೆ ಶುರು ಮಾಡಿದವರು)

ಅನೆಸ್ತೇಷಿಯಾದಲ್ಲಿ, ಅಂದರೆ ಅರಿವಳಿಕೆ ಕೊಡುವ ವಿಭಾಗದಲ್ಲಿ, ಪಿಜಿ ಮಾಡುತ್ತಿದ್ದೇನೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಅನೆಸ್ತೆಟಿಸ್ಟ್ಸ್ ನಡೆಸಿದ ನ್ಯಾಪ್-7 ಅಧ್ಯಯನವನ್ನು ಈಗಷ್ಟೇ ಓದಿ ಮುಗಿಸಿದೆ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಆಪರೇಷನ್ ಹೊತ್ತಿನಲ್ಲಿ ಅಥವಾ ಅದರ ಹಿಂದೆಮುಂದೆ ಹೃದಯ ನಿಂತುಹೋದ ರೋಗಿಗಳ ವಿವರವನ್ನು ಅಲ್ಲಿನ ಎನ್‌ಎಚ್‌ಎಸ್ (ಸರ್ಕಾರಿ) ಆಸ್ಪತ್ರೆಗಳಿಂದ ಒಂದು ವರ್ಷ ಕಲೆಹಾಕಿದರು, 2021ರ ಜೂನ್ 16ರಿಂದ 2022ರ ಜೂನ್ 15ರವರೆಗೆ. ಸಿಕ್ಕಿದ್ದು 881 ಪ್ರಕರಣ. 10,000 ಅನೆಸ್ತೇಷಿಯಾಗೆ ಸುಮಾರು 3 ಅನ್ನುವ ಲೆಕ್ಕ. ಇವರಲ್ಲಿ ನೂರಕ್ಕೆ 75 ಜನರ ಹೃದಯ ಮತ್ತೆ ಮಿಡಿಯಿತು. ರಸ್ತೆಯಲ್ಲೋ ಮನೆಯಲ್ಲೋ ಕುಸಿದವರಲ್ಲಿ ನೂರಕ್ಕೆ ಹತ್ತು ಜನ ಬದುಕಿದರೂ ಒಳ್ಳೆಯ ಫಲಿತಾಂಶ ಅನ್ನುತ್ತಾರೆ.

ನನ್ನ ಗೊಂದಲ ಇಷ್ಟೇ. ವರ್ಷಕ್ಕೆ ಸಾವಿರ ಕೇಸ್ ಮಾಡುವ ಅನೆಸ್ತೆಟಿಸ್ಟ್‌ಗೂ ಈ ಲೆಕ್ಕದಲ್ಲಿ ಇದು ಎದುರಾಗುವುದು ಮೂರು ವರ್ಷಕ್ಕೊಮ್ಮೆ. ಐನೂರು ಮಾಡುವವರಿಗೆ ಆರೇಳು ವರ್ಷಕ್ಕೊಮ್ಮೆ. ಉಸಿರಾಟದ ಟ್ಯೂಬ್ ಹಾಕುವುದನ್ನು ದಿನಾ ಮಾಡಿ ಕಲಿಯುತ್ತೇವೆ. ಇದನ್ನು ಹೇಗೆ ಕಲಿಯುವುದು? ಸಂಶೋಧನೆಯಾದರೂ ಹೇಗೆ ಮಾಡುತ್ತಾರೆ?

ಅಂಕಿಪ್ರಿಯ

ಒಳ್ಳೆಯ ಪ್ರಶ್ನೆ. ಆದರೆ ಶುರುವಿನಲ್ಲೇ ಒಂದು ತಕರಾರು. 75 ಅನ್ನುವುದು ಹೃದಯ ಮರಳಿ ಮಿಡಿದವರ ಲೆಕ್ಕ. ಆ ಹತ್ತು ಅನ್ನುವುದು ಆಸ್ಪತ್ರೆಯಿಂದ ಬದುಕಿ ಮನೆಗೆ ಹೋದವರದ್ದು. ಎರಡನ್ನೂ ಪಕ್ಕಪಕ್ಕ ಇಡಬೇಡಿ. ಹೃದಯ ಮರಳಿದ ಮೇಲೂ ಐಸಿಯುನಲ್ಲಿ ಹಲವರು ತೀರಿಕೊಳ್ಳುತ್ತಾರೆ. ಥಿಯೇಟರ್‌ನಲ್ಲಿ ಫಲಿತಾಂಶ ಚೆನ್ನಾಗಿದೆ ಅನ್ನುವುದು ನಿಜ, ಆದರೆ ಅಂತರ ನೀವು ಬರೆದಷ್ಟು ದೊಡ್ಡದಲ್ಲ.

ಇನ್ನೊಂದು. ಅದೇ ವರದಿಯಲ್ಲಿ ಮುಖ್ಯ ಕಾರಣಗಳ ಪಟ್ಟಿ ಇದೆ. ರೋಗಿಯ ಸ್ಥಿತಿ ನೂರಕ್ಕೆ 82ರಲ್ಲಿ, ಅನೆಸ್ತೇಷಿಯಾ 40ರಲ್ಲಿ, ಸರ್ಜರಿ 35ರಲ್ಲಿ. ಕೂಡಿಸಿದರೆ 157. ಒಂದೇ ಪ್ರಕರಣಕ್ಕೆ ಒಂದಕ್ಕಿಂತ ಹೆಚ್ಚು ಕಾರಣ ಬರೆಯಲು ಬಿಟ್ಟಿದ್ದಾರೆ, ಅದಕ್ಕೆ ಹೀಗೆ. ‘ನೂರರಲ್ಲಿ ನಲವತ್ತು ಅನೆಸ್ತೇಷಿಯಾ ಡಾಕ್ಟರ ತಪ್ಪು’ ಅಂತ ಯಾರಾದರೂ ಓದಿಕೊಂಡರೆ ಅದು ಪೂರಾ ತಪ್ಪು ಓದು. ಮೊದಲೇ ಸುಸ್ತಾದ ಹೃದಯ, ತುರ್ತು ಸರ್ಜರಿ, ಜೊತೆಗೆ ಬಿಪಿ ಇಳಿಸುವ ಔಷಧಿ. ಮೂರೂ ಸೇರಿ ಆಗುವಂಥದ್ದು ಅದು.

ಹಸಿರುಗೌನು

ಸರಿ, ಒಪ್ಪಿದೆ. ಪಕ್ಕಪಕ್ಕ ಇಡುವುದಿಲ್ಲ.

ರಾತ್ರಿಪಾಳಿ

ಈ ಕೆಲಸದಲ್ಲಿ ಕೂದಲು ಬೆಳ್ಳಗಾಗಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಟೇಬಲ್ ಮೇಲೆ ಹೃದಯ ನಿಲ್ಲುವುದಕ್ಕೂ ಬೀದಿಯಲ್ಲಿ ನಿಲ್ಲುವುದಕ್ಕೂ ಹೆಸರು ಒಂದೇ, ಕಾಯಿಲೆ ಬೇರೆ. ಬೀದಿಯಲ್ಲಿ ಯಾರೂ ನೋಡುತ್ತಿರುವುದಿಲ್ಲ, ಕಾರಣವೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಒಬ್ಬರು ರೋಗಿಯ ತಲೆಯ ಹತ್ತಿರವೇ ಕೂತಿರುತ್ತಾರೆ. ಉಸಿರಾಟದ ಟ್ಯೂಬ್ ಇರುತ್ತದೆ, ಡ್ರಿಪ್ ಇರುತ್ತದೆ, ಸಿರಿಂಜ್‌ನಲ್ಲಿ ಔಷಧಿ ಇರುತ್ತದೆ. ಮುಖ್ಯವಾಗಿ, ಎರಡು ನಿಮಿಷದ ಹಿಂದೆ ಏನಾಯಿತು ಅನ್ನುವುದು ಗೊತ್ತಿರುತ್ತದೆ. ಆಂಟಿಬಯೋಟಿಕ್ ಕೊಟ್ಟೆವಾ? ರಕ್ತ ಹೋಯಿತಾ? ಹೊಟ್ಟೆಗೆ ಗ್ಯಾಸ್ ತುಂಬಿದರಾ? ಮೂಳೆಗೆ ಸಿಮೆಂಟ್ ಹಾಕಿದರಾ? ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ.

ನ್ಯಾಪ್-7ರಲ್ಲಿ ಮೊದಲ ಮೂರು ಕಾರಣ ನೋಡಿ. ಭಾರೀ ರಕ್ತಸ್ರಾವ ನೂರಕ್ಕೆ 17, ಹೃದಯದ ಬಡಿತ ತೀರಾ ನಿಧಾನವಾಗುವುದು 9, ಹೃದಯಕ್ಕೆ ರಕ್ತ ಸಾಲದೇ ಹೋಗುವುದು 7. ಇವುಗಳಲ್ಲಿ ಹೆಚ್ಚಿನವು ದಿಢೀರ್ ಅಂತ ಬರುವುದಿಲ್ಲ. ಬಿಪಿ ಇಳಿಯುತ್ತಾ ಬರುತ್ತದೆ. ಕ್ಯಾಪ್ನೋಗ್ರಾಫ್‌ನಲ್ಲಿ ಉಸಿರಿನ ಕಾರ್ಬನ್ ಡೈಆಕ್ಸೈಡ್ ಗೆರೆ ಕುಗ್ಗುತ್ತದೆ. ರಕ್ತ ಶ್ವಾಸಕೋಶಕ್ಕೆ ಬರದಿದ್ದರೆ ಹೊರಗೆ ಹಾಕಲು ಕಾರ್ಬನ್ ಡೈಆಕ್ಸೈಡ್ ಎಲ್ಲಿಂದ ಬರಬೇಕು? ವೆಂಟಿಲೇಟರ್ ಸರಿಯಾಗಿದ್ದೂ ಆ ಅಂಕಿ ಸರಸರ ಇಳಿದರೆ ನನ್ನ ಕೈ ಮೊದಲು ರೋಗಿಯ ಕುತ್ತಿಗೆಯ ನಾಡಿಗೆ ಹೋಗುತ್ತದೆ, ಮೆಷಿನ್‌ಗಲ್ಲ.

ಯಾವಾಗ ಎದೆ ಒತ್ತಲು ಶುರು ಮಾಡಬೇಕು ಅನ್ನುವುದೂ ಇಲ್ಲಿ ಬೇರೆ. ನಾಡಿ ಪೂರ್ತಿ ಹೋಗಲಿ ಅಂತ ಕಾಯುವ ಚಾಳಿ ನಮ್ಮಲ್ಲಿ ಜಾಸ್ತಿ. ದೊಡ್ಡವರಲ್ಲಿ ಔಷಧಿ, ಡ್ರಿಪ್ ಎಲ್ಲ ಕೊಟ್ಟರೂ ಮೇಲಿನ ಬಿಪಿ 50ಕ್ಕಿಂತ ಕೆಳಗೇ ಇದ್ದರೆ ಒತ್ತಲು ಶುರು ಮಾಡಿ ಎಂದು ಆ ವರದಿ ಹೇಳುತ್ತದೆ. ಇಡೀ ವರದಿಯಲ್ಲಿ ಕೆಲಸಕ್ಕೆ ಬರುವ ಒಂದೇ ಸಾಲು ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ‘ಇನ್ನೊಂದು ಡೋಸ್ ನೋಡೋಣ’ ಅಂತ ಕಳೆಯುವ ಎರಡು ನಿಮಿಷ ಮೆದುಳಿಗೆ ತುಂಬಾ ದುಬಾರಿ.

ಕುತೂಹಲಿ

ನಾನು ಡಾಕ್ಟರಲ್ಲ. ಸಿನಿಮಾದಲ್ಲಿ ಹಸಿರು ಗೆರೆ ಉದ್ದಕ್ಕೆ ಮಲಗುತ್ತದೆ, ಶಾಕ್ ಕೊಡುತ್ತಾರೆ, ಎದ್ದು ಕೂರುತ್ತಾರೆ. ನಿಜವಾಗಿಯೂ ಹಾಗೆಯೇ?

ಹಸಿರುಗೌನು

ಇಲ್ಲ. ಮಲಗಿದ ಗೆರೆಗೆ ಶಾಕ್ ಕೊಟ್ಟು ಏನೂ ಪ್ರಯೋಜನ ಇಲ್ಲ. ಹೃದಯ ಅದುರುತ್ತಿದ್ದರೆ, ಅಂದರೆ ಅಡ್ಡಾದಿಡ್ಡಿ ಲಯದಲ್ಲಿದ್ದರೆ ಮಾತ್ರ ಶಾಕ್. ಆಪರೇಷನ್ ಸಮಯದಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಥರದ್ದು: ಇಸಿಜಿ ಗೆರೆ ಚೆನ್ನಾಗಿಯೇ ಓಡುತ್ತಿರುತ್ತದೆ, ಆದರೆ ನಾಡಿ ಇಲ್ಲ. ಪಂಪ್‌ಗೆ ಕರೆಂಟ್ ಬರುತ್ತಿದೆ, ಸಂಪಿನಲ್ಲಿ ನೀರಿಲ್ಲ ಅಂದ ಹಾಗೆ. ರಕ್ತ ಹೋಗಿದ್ದರೆ ರಕ್ತ ಕೊಡಬೇಕು, ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಒತ್ತಿಹೋಗಿದ್ದರೆ ಆ ಗಾಳಿ ತೆಗೆಯಬೇಕು, ಅಲರ್ಜಿಯಾಗಿದ್ದರೆ ಬಿಪಿ, ಬಡಿತ ಏರಿಸುವ ಅಡ್ರಿನಲಿನ್. ಕಾರಣ ಸರಿಯಾಗದೆ ಹೃದಯ ಮರಳುವುದಿಲ್ಲ.

ಕುತೂಹಲಿ

ಗೆರೆ ಓಡುತ್ತಿದ್ದರೂ ನಾಡಿ ಇಲ್ಲ! ಇದು ಗೊತ್ತೇ ಇರಲಿಲ್ಲ.

ಕತ್ತರಿಸೂಜಿ

ನಾನು ಸರ್ಜನ್. ಬಡಿತ ನಿಧಾನವಾಗುವ ಆ 9 ಪರ್ಸೆಂಟ್ ಬಗ್ಗೆ ನಮ್ಮ ಕಡೆಯ ಮಾತೂ ಇರಲಿ. ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಸರ್ಜರಿ) ಹೊಟ್ಟೆಗೆ ಗ್ಯಾಸ್ ತುಂಬುವಾಗ ಒಳಪದರ ಎಳೆದು, ಹೃದಯವನ್ನು ನಿಧಾನಿಸುವ ವೇಗಸ್ ನರ ಕೆರಳುತ್ತದೆ, ಬಡಿತ 70ರಿಂದ 30ಕ್ಕೆ ಬಂದು ಕೆಲವೊಮ್ಮೆ ನಿಂತೇ ಹೋಗುತ್ತದೆ. ಕಣ್ಣಿನ ಸ್ನಾಯು ಎಳೆದಾಗಲೂ ಹೀಗೆಯೇ. ಇಲ್ಲಿ ಮೊದಲ ಚಿಕಿತ್ಸೆ ನಮ್ಮ ಕೈಯಲ್ಲೇ ಇದೆ: ಕೈ ತೆಗೆಯುವುದು, ಗ್ಯಾಸ್ ಬಿಡುವುದು. ಬಡಿತ ಏರಿಸುವ ಆಟ್ರೋಪಿನ್ ಆಮೇಲೆ.

ಆದರೆ ಯಾರಾದರೂ ಹೇಳಿದರೆ ತಾನೇ? ಪರದೆಯ ಆ ಕಡೆ ಅನೆಸ್ತೆಟಿಸ್ಟ್ ಒಬ್ಬರೇ ಒದ್ದಾಡುತ್ತಿರುತ್ತಾರೆ, ಈ ಕಡೆ ನಾವು ಸ್ಕ್ರೀನ್ ನೋಡಿಕೊಂಡು ಕೆಲಸ ಮುಂದುವರಿಸುತ್ತಿರುತ್ತೇವೆ. ಸಾರ್‌ಗೆ ತೊಂದರೆ ಯಾಕೆ ಅಂತ ಜೂನಿಯರ್‌ಗಳು ಸುಮ್ನೆ ಇರುತ್ತಾರೆ. ದಯವಿಟ್ಟು ಜೋರಾಗಿ ಹೇಳಿ. ‘ಗ್ಯಾಸ್ ಬಿಡಿ’ ಅಂದರೆ ಯಾವ ಸರ್ಜನ್ನೂ ಬೇಸರ ಮಾಡಿಕೊಳ್ಳಬಾರದು. ಮಾಡಿಕೊಂಡರೆ ಅದು ಅವರ ತೊಂದರೆ.

ಸಿಲಿಂಡರ್‌ಕೀಲಿ

ಓಟಿ ಟೆಕ್ನಿಷಿಯನ್ ಮಾತಾಡಬಹುದಾ? ಎಲ್ಲರೂ ಔಷಧಿ, ಲಯ ಅಂತ ಬರೆಯುತ್ತಿದ್ದೀರಿ. ನಾನು ಮೊದಲು ಕೆಲಸ ಮಾಡುತ್ತಿದ್ದ ಆಸ್ಪತ್ರೆಯೊಂದರಲ್ಲಿ ನಾಲ್ಕು ಥಿಯೇಟರ್‌ಗೆ ಒಂದೇ ಡಿಫಿಬ್ರಿಲೇಟರ್ (ಶಾಕ್ ಕೊಡುವ ಯಂತ್ರ), ಅದೂ ಕಾರಿಡಾರ್‌ನ ಕೊನೆಯ ಬೀರುವಿನಲ್ಲಿ. ಅಲಾರಂ ಸದ್ದು ಕಿರಿಕಿರಿ ಅಂತ ಬೆಳಗ್ಗೆಯೇ ಆಫ್ ಮಾಡುವ ರೂಢಿ ಇತ್ತು. ಹೇಳಿದರೆ ‘ನೀನು ಸಿಲಿಂಡರ್ ನೋಡ್ಕೋ’ ಅನ್ನುತ್ತಿದ್ದರು. ಈ ಹೆಸರು ಅಲ್ಲಿಂದಲೇ ಬಂದಿದ್ದು.

ಹೃದಯ ನಿಂತ ಹೊತ್ತಿನಲ್ಲಿ ಕೋಣೆಯಲ್ಲಿ ಜನ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತಾರೆ. ಹತ್ತು ಜನ ನುಗ್ಗಿ ಎಲ್ಲರೂ ಒಂದೇ ಡ್ರಾಯರ್ ಎಳೆಯುತ್ತಾರೆ. ಸಮಯ ಬರೆದಿಡುವವರು ಮಾತ್ರ ಯಾರೂ ಇರುವುದಿಲ್ಲ.

ಹಳೇಪುಟ

ಇತಿಹಾಸ ಓದುವ ಚಟ ಇರುವುದರಿಂದ ಸ್ವಲ್ಪ ಹಿಂದಕ್ಕೆ ಕರೆದೊಯ್ಯುತ್ತೇನೆ. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಲು ಹೋಗಿ ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಅನೆಸ್ತೇಷಿಯಾ ಸಾವುಗಳ ಚರ್ಚೆ ಅಲ್ಲಿಂದಲೇ ಶುರು. ಪ್ರಜ್ಞೆ ತಪ್ಪಿಸಲು ಈಥರ್ ಬಳಸುವುದನ್ನು ಬಹಿರಂಗವಾಗಿ ತೋರಿಸಿ ಎರಡು ವರ್ಷವೂ ಆಗಿರಲಿಲ್ಲ.

ಹೃದಯವನ್ನು ಮತ್ತೆ ನಡೆಸುವ ವಿದ್ಯೆ ಹುಟ್ಟಿದ್ದೂ ಬಹುಪಾಲು ಥಿಯೇಟರ್ ಒಳಗೇ. 1901ರಲ್ಲಿ ನಾರ್ವೆಯ ಟ್ರೊಮ್ಸೊದಲ್ಲಿ ಕ್ರಿಸ್ಟಿಯನ್ ಇಗೆಲ್ಸ್‌ರುಡ್ ಆಪರೇಷನ್ ನಡುವೆ ಹೃದಯ ನಿಂತ ಮಹಿಳೆಯ ಎದೆ ತೆರೆದು ಹೃದಯವನ್ನು ಕೈಯಲ್ಲೇ ಒತ್ತಿದರು, ಆಕೆ ಬದುಕಿದಳು. 1947ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕ್ಲಾಡ್ ಬೆಕ್ 14 ವರ್ಷದ ಹುಡುಗನ ತೆರೆದ ಹೃದಯಕ್ಕೆ ಶಾಕ್ ಕೊಟ್ಟು ಉಳಿಸಿದರು. ಅದೂ ಆಪರೇಷನ್ ಸಮಯದಲ್ಲೇ. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಮೂವರು ಎದೆ ತೆರೆಯದೇ ಹೊರಗಿನಿಂದ ಒತ್ತಿದರೂ ಸಾಕು ಎಂದು ಬರೆದರು. ಅವರ 20 ರೋಗಿಗಳಲ್ಲಿ 14 ಜನ ಬದುಕಿದರು. ನೂರಕ್ಕೆ ಎಪ್ಪತ್ತು! ಆಮೇಲೆ ಬೀದಿಯಲ್ಲಿ ಆ ಅಂಕಿ ಯಾರಿಗೂ ಸಿಗಲಿಲ್ಲ. ಯಾಕೆಂದರೆ ಆ ರೋಗಿಗಳಲ್ಲಿ ಹಲವರು ಅನೆಸ್ತೇಷಿಯಾ ಹೊತ್ತಿನಲ್ಲಿ, ಡಾಕ್ಟರ ಕಣ್ಣೆದುರೇ ಕುಸಿದವರು. ರಾತ್ರಿಪಾಳಿ ಸಾರ್ ಹೇಳಿದ ವ್ಯತ್ಯಾಸ ಅವತ್ತೇ ಇತ್ತು.

ಅಪರೂಪದ್ದನ್ನು ಎಣಿಸುವ ಕೆಲಸಕ್ಕೂ ಹಳೆಯ ಉದಾಹರಣೆ ಇದೆ. ಬೀಚರ್ ಮತ್ತು ಟಾಡ್ ಅಮೆರಿಕದ 10 ಆಸ್ಪತ್ರೆಗಳಿಂದ 1948ರಿಂದ 1952ರವರೆಗಿನ 5,99,548 ಅನೆಸ್ತೇಷಿಯಾಗಳ ಲೆಕ್ಕ ತೆಗೆದು 1954ರಲ್ಲಿ ಪ್ರಕಟಿಸಿದರು. ಅನೆಸ್ತೇಷಿಯಾದ ಪಾಲಿರುವ ಸಾವು 1,560ಕ್ಕೆ ಒಂದು ಅಂತ ಬಂತು. ಸ್ನಾಯು ಸಡಿಲಿಸುವ ಕ್ಯುರಾರೆ ಥರದ ಔಷಧಿ ಕೊಟ್ಟವರಲ್ಲಿ ಮಾತ್ರ 370ಕ್ಕೆ ಒಂದು, ಕೊಡದವರಲ್ಲಿ 2,100ಕ್ಕೆ ಒಂದು. ಆ ಔಷಧಿಗೇ ಏನೋ ವಿಷಗುಣ ಇದೆ ಅಂದರು. ದೊಡ್ಡ ಜಗಳವೇ ನಡೆಯಿತು. ಔಷಧಿ ಕೆಟ್ಟದ್ದಲ್ಲ, ಅದರ ಪರಿಣಾಮ ಪೂರ್ತಿ ಇಳಿಯುವ ಮೊದಲೇ ರೋಗಿಯನ್ನು ತಾನೇ ಉಸಿರಾಡಲಿ ಅಂತ ಬಿಡುತ್ತಿದ್ದುದು ಕೆಟ್ಟದ್ದು ಅನ್ನುವುದು ಇವತ್ತಿನ ತಿಳುವಳಿಕೆ.

ಅಂಕಿಪ್ರಿಯ

ಹಳೇಪುಟ ಅವರ ಕೊನೆಯ ಭಾಗ ನನಗೆ ಬಹಳ ಹಿಡಿಸಿತು. ಸಂಶೋಧನೆ ಹೇಗೆ ಅನ್ನುವ ಮೂಲ ಪ್ರಶ್ನೆಗೆ ಅದರಿಂದಲೇ ಬರುತ್ತೇನೆ.

ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡುವ ಪ್ರಯೋಗ ಇಲ್ಲಿ ಸೋಲುತ್ತದೆ. ಪಲ್ಸ್ ಆಕ್ಸಿಮೀಟರನ್ನೇ ತೆಗೆದುಕೊಳ್ಳಿ. ಬೆರಳಿಗೆ ಸಿಕ್ಕಿಸುವ ಆ ಕ್ಲಿಪ್ ಇಲ್ಲದೆ ಇವತ್ತು ಯಾರೂ ಅನೆಸ್ತೇಷಿಯಾ ಕೊಡುವುದಿಲ್ಲ, ಅಲ್ವಾ? ಡೆನ್ಮಾರ್ಕಿನ ಮೊಲರ್ ತಂಡ 20,802 ರೋಗಿಗಳ ಮೇಲೆ ಪರೀಕ್ಷೆ ಮಾಡಿ 1993ರಲ್ಲಿ ಪ್ರಕಟಿಸಿತು. ಆಕ್ಸಿಮೀಟರ್ ಇದ್ದ ಗುಂಪಿನಲ್ಲಿ ಆಕ್ಸಿಜನ್ ಇಳಿದದ್ದು 19 ಪಟ್ಟು ಹೆಚ್ಚು ಸಲ ಗಮನಕ್ಕೆ ಬಂತು. ಆದರೆ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಕ್ಲಿಪ್ ತೆಗೆದು ಬಿಸಾಡುತ್ತೀರಾ? 10,000ಕ್ಕೆ ಮೂರು ಬಾರಿ ಆಗುವ ಘಟನೆಯಲ್ಲಿ ಅರ್ಧದಷ್ಟು ಇಳಿಕೆ ತೋರಿಸಬೇಕಾದರೂ ಲಕ್ಷದ ಲೆಕ್ಕದಲ್ಲಿ ರೋಗಿಗಳು ಬೇಕು.

ಅದಕ್ಕೇ ಇಡೀ ದೇಶದಿಂದ ಪ್ರಕರಣ ಒಟ್ಟು ಮಾಡುವ ಈ ಆಡಿಟ್‌ಗಳು. ಹಿಂದಿನವೂ ಹೀಗೆಯೇ. ನ್ಯಾಪ್-4 ಶ್ವಾಸನಾಳದ ತೊಂದರೆಗಳ ಬಗ್ಗೆ, ನ್ಯಾಪ್-5 ಆಪರೇಷನ್ ನಡುವೆ ಎಚ್ಚರವಾಗುವುದರ ಬಗ್ಗೆ, ನ್ಯಾಪ್-6 ಗಂಭೀರ ಅಲರ್ಜಿಯ ಬಗ್ಗೆ. ಇವುಗಳಲ್ಲಿ ಹೋಲಿಸಲು ಎರಡನೇ ಗುಂಪು ಇಲ್ಲ ಅನ್ನುವ ಕೊರತೆ ಇದೆ. ವರದಿ ಆಗದೇ ಉಳಿದವು ಎಷ್ಟೋ. ಆದರೂ ಬೇರೆ ದಾರಿ ಇಲ್ಲ.

ಕತ್ತರಿಸೂಜಿ

ಹಾಗಾದರೆ ಸರ್ಜರಿಯಲ್ಲಿ ತಂಡದವರೆಲ್ಲ ಓದಿ ಖಚಿತಪಡಿಸಿಕೊಳ್ಳುವ ಡಬ್ಲ್ಯುಎಚ್‌ಒ ಚೆಕ್‌ಲಿಸ್ಟ್? ಅದಕ್ಕೆ ಪುರಾವೆ ಇದೆಯಲ್ಲ. 2009ರ ಅಧ್ಯಯನ, ಎಂಟು ನಗರಗಳ ಎಂಟು ಆಸ್ಪತ್ರೆ. ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು.

ಅಂಕಿಪ್ರಿಯ

ಇದೆ. ಅದರ ಪಕ್ಕದಲ್ಲೇ 2014ರ ಕೆನಡಾದ ಒಂಟಾರಿಯೊ ಅಧ್ಯಯನವೂ ಇದೆ. 101 ಆಸ್ಪತ್ರೆ, ಚೆಕ್‌ಲಿಸ್ಟ್ ಬರುವ ಮೊದಲು ಮತ್ತು ಬಂದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಮೇಲಿಂದ ಆದೇಶ ಬಂತು, ಕಾಗದಕ್ಕೆ ಟಿಕ್ ಬಿತ್ತು.

ಸಿಲಿಂಡರ್‌ಕೀಲಿ

ಟಿಕ್ ಹಾಕುವವನು ನಾನೇ, ಕೇಳಿ. ರೋಗಿ ಇನ್ನೂ ವಾರ್ಡ್‌ನಲ್ಲಿರುವಾಗಲೇ ‘ಎಲ್ಲಾ ಆಯ್ತು ಅಂತ ಬರಿ’ ಅಂದವರನ್ನು ನೋಡಿದ್ದೇನೆ. ನಿಜವಾಗಿ ನಿಂತು ಒಬ್ಬೊಬ್ಬರೂ ಹೆಸರು ಹೇಳಿ, ರಕ್ತ ತಯಾರಿದೆಯಾ ಅಂತ ಕೇಳುವವರನ್ನೂ ನೋಡಿದ್ದೇನೆ. ಎರಡನೆಯವರ ಥಿಯೇಟರ್‌ನಲ್ಲಿ ಎಮರ್ಜೆನ್ಸಿ ಬಂದರೆ ನನಗೆ ಭಯ ಕಡಿಮೆ.

ರಾತ್ರಿಪಾಳಿ

ಚೆಕ್‌ಲಿಸ್ಟ್ ಅಂದರೆ ಎರಡು ಥರ, ಕಲಸಬೇಡಿ. ಒಂದು ಶುರುವಿಗೆ ಓದುವುದು. ಇನ್ನೊಂದು ಅನಾಹುತದ ನಡುವೆ ತೆಗೆದು ಓದುವುದು. ಎರಡನೆಯದರ ಮೇಲೆ 2013ರಲ್ಲಿ ಒಂದು ಚೆಂದದ ಅಧ್ಯಯನ ಬಂತು. 17 ತಂಡಗಳಿಗೆ ನಕಲಿ ಥಿಯೇಟರ್‌ನಲ್ಲಿ 106 ಅನಾಹುತಗಳನ್ನು ಕೊಟ್ಟರು. ಪಟ್ಟಿ ಕೈಯಲ್ಲಿದ್ದಾಗ ಮುಖ್ಯ ಹೆಜ್ಜೆಗಳಲ್ಲಿ ನೂರಕ್ಕೆ 6 ತಪ್ಪಿದವು, ಇಲ್ಲದಾಗ 23. ಅವೇ ತಂಡಗಳು, ಅದೇ ತಿಳುವಳಿಕೆ. ಗಾಬರಿಯಲ್ಲಿ ತಲೆ ಓಡುವುದಿಲ್ಲ, ಅಷ್ಟೇ. ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ಓದುವುದು ಅವಮಾನ ಅಂದುಕೊಂಡಿರುವ ಹಿರಿಯರು ನನ್ನ ಸುತ್ತ ಇನ್ನೂ ಇದ್ದಾರೆ. ಅವರಿಗೆ ಈ ಅಂಕಿ ತೋರಿಸುತ್ತೇನೆ. ಬದಲಾಗುವುದಿಲ್ಲ, ಆದರೂ ತೋರಿಸುತ್ತೇನೆ.

ಹಸಿರುಗೌನು ಅವರೇ, ನಿಮ್ಮ ‘ಹೇಗೆ ಕಲಿಯುವುದು’ಗೆ ಅದೇ ಉತ್ತರ. ಬೊಂಬೆಯ ಮೇಲೆ, ನಿಮ್ಮದೇ ಥಿಯೇಟರ್‌ನಲ್ಲಿ, ನಿಮ್ಮದೇ ಜನರ ಜೊತೆ. ತಪ್ಪು ಹೆಚ್ಚಾಗಿ ಎಲ್ಲಿ ಅನ್ನುವುದು 1978ರಿಂದಲೇ ಗೊತ್ತು. ಜೆಫ್ರಿ ಕೂಪರ್ ಎಂಬ ಎಂಜಿನಿಯರ್ ಬಾಸ್ಟನ್ನಿನಲ್ಲಿ, ತಪ್ಪಿಸಬಹುದಾಗಿದ್ದ 359 ಘಟನೆಗಳನ್ನು ವಿಂಗಡಿಸಿದರು. ನೂರಕ್ಕೆ 82ರಲ್ಲಿ ಮನುಷ್ಯರ ಕೈ ತಪ್ಪು. ಉಸಿರಿನ ಕೊಳವೆ ಕಳಚುವುದು, ಒಂದು ಸಿರಿಂಜ್ ಬದಲು ಇನ್ನೊಂದು ಎತ್ತುವುದು. ಯಂತ್ರ ಕೈಕೊಟ್ಟದ್ದು 14ರಲ್ಲಿ ಮಾತ್ರ.

ಹಸಿರುಗೌನು

ಧನ್ಯವಾದ ಸಾರ್. ಇನ್ನೊಂದು ಕೇಳಿಬಿಡುತ್ತೇನೆ. ಹೃದಯ ನಿಂತವರಿಗೆ ಅಡ್ರಿನಲಿನ್ ಕೊಟ್ಟು ನೋಡಿದ ಪ್ಯಾರಾಮೆಡಿಕ್-2 ಪ್ರಯೋಗದಲ್ಲಿ (2018, ಎಂಟು ಸಾವಿರ ರೋಗಿಗಳು) ಅಡ್ರಿನಲಿನ್ ಕೊಟ್ಟವರಲ್ಲಿ ಮೂವತ್ತು ದಿನ ಬದುಕಿದ್ದು ನೂರಕ್ಕೆ 3.2, ಕೊಡದವರಲ್ಲಿ 2.4. ಬದುಕಿದವರಲ್ಲಿ ಮೆದುಳಿಗೆ ತೀವ್ರ ಪೆಟ್ಟಾದವರೂ ಅಡ್ರಿನಲಿನ್ ಗುಂಪಿನಲ್ಲೇ ಜಾಸ್ತಿ. ಹಾಗಾದರೆ ಟೇಬಲ್ ಮೇಲೆ ಕೊಡಬೇಕಾ?

ರಾತ್ರಿಪಾಳಿ

ಆ ಪ್ರಯೋಗ ಬೀದಿಯದ್ದು. ತುರ್ತು ಕರೆ ಬಂದ ಮೇಲೆ ಔಷಧಿ ಒಳಗೆ ಹೋಗುವಷ್ಟರಲ್ಲಿ ಸುಮಾರು 20 ನಿಮಿಷ ಆಗಿತ್ತು. ನಮ್ಮಲ್ಲಿ ಇಪ್ಪತ್ತು ಸೆಕೆಂಡ್. ಆ ಫಲಿತಾಂಶ ಇಲ್ಲಿಗೆ ತರಬೇಡಿ.

ಆದರೆ ಡೋಸ್ ಬಗ್ಗೆ ಯೋಚಿಸಿ. ಹೃದಯ ನಿಂತು ಕ್ಷಣವೂ ಆಗಿಲ್ಲ, ಬಡಿತ ನಿಧಾನವಾಗಿ ನಿಂತಿದೆ ಅಷ್ಟೇ ಅಂದಾಗ ಒಂದೇ ಸಲಕ್ಕೆ 1 ಮಿಲಿಗ್ರಾಂ ಸುರಿದರೆ, ಹೃದಯ ಮರಳಿದ ಕೂಡಲೇ ಬಿಪಿ 250 ದಾಟಬಹುದು. ಹೊಲಿದ ರಕ್ತನಾಳ ಬಿಚ್ಚಿಕೊಳ್ಳಬಹುದು. ನಾಡಿ ಹೋಗುತ್ತಿರುವಾಗಲೇ ಹಿಡಿದಿದ್ದರೆ 50-100 ಮೈಕ್ರೋಗ್ರಾಂನಿಂದ ಶುರು ಮಾಡಿ, ನೋಡುತ್ತಾ ಏರಿಸುವುದು ಜಾಣತನ. ಅದು ಫಲಿಸದಿದ್ದರೆ ಪೂರ್ತಿ ಡೋಸ್. ನರಕ್ಕೆ ಕೊಟ್ಟ ಲೋಕಲ್ ಅನೆಸ್ತೆಟಿಕ್ ರಕ್ತಕ್ಕೆ ಸೇರಿ ಹೃದಯ ನಿಂತಿದ್ದರೂ ಅಡ್ರಿನಲಿನ್ ಸಣ್ಣ ಡೋಸೇ. ಅಲ್ಲಿ ಮುಖ್ಯ ಮದ್ದು 20 ಪರ್ಸೆಂಟ್ ಲಿಪಿಡ್ (ನರಕ್ಕೆ ಹಾಕುವ ಕೊಬ್ಬಿನ ದ್ರಾವಣ), ಕೆಜಿಗೆ 1.5 ಎಂಎಲ್. ಗೈ ವೈನ್‌ಬರ್ಗ್ 1998ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇವತ್ತು ಜೀವ ಉಳಿಸುತ್ತಿದೆ.

ಕುತೂಹಲಿ

ಇದನ್ನೆಲ್ಲ ಓದಿ ಈಗ ನಿಜಕ್ಕೂ ಹೆದರಿಕೆ ಆಗುತ್ತಿದೆ. ಅಮ್ಮನಿಗೆ ಮುಂದಿನ ತಿಂಗಳು ಮೊಣಕಾಲಿನ ಆಪರೇಷನ್. ನಾವು ಮನೆಯವರು ಏನು ಮಾಡಬಹುದು?

ರಾತ್ರಿಪಾಳಿ

ಹೆದರಬೇಡಿ. ಆ 881 ಜನರಲ್ಲಿ ನೂರಕ್ಕೆ 73 ಜನ ಮೊದಲೇ ಗಂಭೀರ ಕಾಯಿಲೆ ಇದ್ದವರು, 65 ಜನರದ್ದು ಮೊದಲೇ ದಿನ ಗೊತ್ತುಮಾಡಿದ ಸರ್ಜರಿ ಅಲ್ಲ. ಮೊದಲೇ ತಯಾರಿ ಮಾಡಿಕೊಂಡು ಮಾಡುವ ಮೊಣಕಾಲಿನ ಆಪರೇಷನ್ ಆ ಸಾಲಿನದ್ದಲ್ಲ.

ಅನೆಸ್ತೆಟಿಸ್ಟ್ ಆಪರೇಷನ್‌ಗೆ ಮೊದಲು ಬಂದು ಮಾತಾಡಿಸುತ್ತಾರೆ. ಆಗ ಏನನ್ನೂ ಮುಚ್ಚಿಡಬೇಡಿ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದಾ, ರಾತ್ರಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುತ್ತದಾ, ಯಾವ ಮಾತ್ರೆಗೆ ಮೈ ಊದಿತ್ತು, ಅಲ್ಲಾಡುವ ಹಲ್ಲು ಇದೆಯಾ, ಎಲ್ಲವೂ ಬೇಕು. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅನೆಸ್ತೇಷಿಯಾದಲ್ಲಿ ವಿಪರೀತ ಜ್ವರ ಏರಿದ್ದರೆ ಅಥವಾ ಗಂಟೆಗಟ್ಟಲೆ ಉಸಿರಾಟ ಮರಳದಿದ್ದರೆ ಅದನ್ನು ಎರಡು ಸಲ ಹೇಳಿ. ಊಟ ನಿಲ್ಲಿಸುವ ಸಮಯ ಅವರೇ ಹೇಳುತ್ತಾರೆ, ಸಾಮಾನ್ಯವಾಗಿ ಗಟ್ಟಿ ಆಹಾರ ಆರು ಗಂಟೆ ಮೊದಲು, ಬರೀ ನೀರು ಎರಡು ಗಂಟೆ ಮೊದಲು. ಪ್ರೀತಿಗೆ ಅಂತ ನಡುವೆ ಹಾಲು ಕೊಡಬೇಡಿ.

ಕುತೂಹಲಿ

ಚಿಕ್ಕಮ್ಮನಿಗೆ ಒಮ್ಮೆ ಆಪರೇಷನ್ ಆದಾಗ ವಿಪರೀತ ಜ್ವರ ಬಂದಿತ್ತು ಅಂತ ಅಮ್ಮ ಹೇಳಿದ ನೆನಪು. ಅದು ಲೆಕ್ಕಕ್ಕೆ ಬರುತ್ತದಾ?

ರಾತ್ರಿಪಾಳಿ

ಖಂಡಿತ. ಹೆಚ್ಚಾಗಿ ಅದು ಸಾದಾ ಜ್ವರವೇ ಆಗಿರುತ್ತದೆ. ಆದರೂ ಆ ಹಳೆಯ ಡಿಸ್ಚಾರ್ಜ್ ಕಾಗದ ಹುಡುಕಿ ತೆಗೆದುಕೊಂಡು ಹೋಗಿ, ಇವತ್ತೇ ಫೋನ್ ಮಾಡಿ ತಿಳಿಸಿ. ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂಬ, ವಂಶದಲ್ಲಿ ಹರಿಯುವ ತೊಂದರೆ ಒಂದಿದೆ. ಮೊದಲೇ ಗೊತ್ತಿದ್ದರೆ ಅದನ್ನು ಕೆರಳಿಸುವ ಗ್ಯಾಸ್‌ಗಳನ್ನು ಬಳಸುವುದೇ ಇಲ್ಲ, ಬೇರೆ ದಾರಿ ಇದೆ.

ಸಿಲಿಂಡರ್‌ಕೀಲಿ

ಡಾಕ್ಟ್ರೇ, ಅದರ ಮದ್ದು ಡ್ಯಾಂಟ್ರೊಲಿನ್ ಬಗ್ಗೆ ಯಾರೂ ಹೇಳದ ವಿಷಯ ಒಂದಿದೆ. ಹಳೆಯ ಮಾದರಿಯ ಒಂದೊಂದು ಬಾಟಲಿಯಲ್ಲಿ 20 ಮಿಲಿಗ್ರಾಂ, ಪ್ರತಿಯೊಂದಕ್ಕೂ 60 ಎಂಎಲ್ ಶುದ್ಧ ನೀರು ಹಾಕಿ ಕುಲುಕಬೇಕು. 70 ಕೆಜಿ ಮನುಷ್ಯನಿಗೆ ಮೊದಲ ಡೋಸ್‌ಗೇ ಒಂಬತ್ತು ಬಾಟಲಿ. ಬೇಗ ಕರಗುವುದೂ ಇಲ್ಲ. ಒಬ್ಬರೇ ಮಾಡಲು ಹೊರಟರೆ ಮುಗಿಯುವುದೇ ಇಲ್ಲ.

ಹಸಿರುಗೌನು

ಹಾಗಾದರೆ ನಮ್ಮ ಮುಂದಿನ ಡ್ರಿಲ್ ಅದೇ ಇರಲಿ. ಅವಧಿ ಮುಗಿದ ಬಾಟಲಿ ಯಾರ ಹತ್ತಿರವಾದರೂ ಇದ್ದರೆ ಎಸೆಯಬೇಡಿ, ಅಭ್ಯಾಸಕ್ಕೆ ಬೇಕು.

ಸಿಲಿಂಡರ್‌ಕೀಲಿ

ನಮ್ಮ ಸ್ಟೋರಿನಲ್ಲಿ ಇರಬಹುದು, ನೋಡಿ ಹೇಳುತ್ತೇನೆ. ನೀರಿನ ದೊಡ್ಡ ಬ್ಯಾಗ್ ಮತ್ತು ದಪ್ಪ ಸೂಜಿಗಳನ್ನು ಪಕ್ಕದಲ್ಲೇ ಇಡಿ. ಬಾಟಲಿ ಸಿಕ್ಕಿ ನೀರು ಸಿಗದಿರುವುದೇ ಹೆಚ್ಚು.